ಪೈಪ್ ಹರದ್ರ ರೆಕ್ಕಿ ಎತ್ತ ಬೀಳ್ತಾವ?

ಫಿನ್‌ಲ್ಯಾಂಡಿನ ತಾಂಪೆರೆಯ ಹೊರವಲಯದಲ್ಲಿ ನಾವು ನಾಲ್ಕು ಜನ ಸೇರಿ ಒಂದು ಗ್ಯಾರೇಜ್ ಬಾಡಿಗೆಗೆ ಹಿಡಿದಿದ್ದೇವೆ. ಮೂವರು ಫಿನ್‌ಲ್ಯಾಂಡಿನವರು, ನಾನೊಬ್ಬ ಹುಬ್ಬಳ್ಳಿಯವನು. ವಾರವೆಲ್ಲ ಸಾಫ್ಟ್‌ವೇರ್ ಬರೆಯುವ ಕೆಲಸ. ಶನಿವಾರ ಬಂತೆಂದರೆ ಕೈತುಂಬ ಗ್ರೀಸು. ನನ್ನ ಗಾಡಿ ಹಳೆಯ ಡಬ್ಲ್ಯು124 ಮಾದರಿಯ ಬೆಂಜ್ ಕಾರು. ಅದರೊಳಗಿರುವುದು ಓಎಂ606 ಇಂಜಿನ್: 3 ಲೀಟರ್, ಆರು ಸಿಲಿಂಡರ್, 24 ವಾಲ್ವ್. ಅದರ ಜೊತೆ ಬಂದಿದ್ದ, ಸಿಲಿಂಡರುಗಳಿಗೆ ಡೀಸೆಲ್ ತಳ್ಳುವ ಎಲೆಕ್ಟ್ರಾನಿಕ್ ಪಂಪು ತೆಗೆದು ಇನ್ನೂ ಹಳೆಯದಾದ ಓಎಂ603 ಇಂಜಿನ್ನಿನ ಮೆಕ್ಯಾನಿಕಲ್ ಪಂಪು ಹಾಕಿದ್ದೇನೆ. ಇಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಈ ಇಂಜಿನ್ನಿನ ಹುಚ್ಚು ಇವರಿಗೆ ಜಾಸ್ತಿ.

ತಲೆನೋವು ಶುರುವಾಗಿದ್ದು ಟರ್ಬೊದಿಂದ, ಅಂದರೆ ಎಕ್ಸಾಸ್ಟ್ ಗಾಳಿಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರದಿಂದ. ಬಿಎಂಡಬ್ಲ್ಯು 3 ಲೀಟರ್ ಡೀಸೆಲ್‌ನಿಂದ ತೆಗೆದ ಗ್ಯಾರೆಟ್ ಜಿಟಿ2260ವಿ ಅಗ್ಗಕ್ಕೆ ಸಿಕ್ಕಿತು. ಇದು ವಿಜಿಟಿ, ಅಂದರೆ ಗಾಳಿಯ ದಾರಿ ಹಿಗ್ಗಿಸಿ ಕುಗ್ಗಿಸಬಲ್ಲ ಟರ್ಬೊ. ಟರ್ಬೈನ್ ಚಕ್ರದ ಸುತ್ತ ಸಣ್ಣ ರೆಕ್ಕೆಗಳಿರುತ್ತವೆ. ಅವು ಮುಚ್ಚಿಕೊಂಡರೆ ಸಂದಿ ಕಿರಿದಾಗಿ ಎಕ್ಸಾಸ್ಟ್ ಗಾಳಿ ರಭಸವಾಗಿ ನುಗ್ಗುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಹಿಡಿಯುತ್ತೇವಲ್ಲ, ಹಾಗೆ. ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೇ ಪಿಕಪ್ ಬರುತ್ತದೆ. ಆರ್‌ಪಿಎಂ ಏರಿದ ಮೇಲೆ ರೆಕ್ಕೆ ತೆರೆಯಲೇಬೇಕು. ಇಲ್ಲದಿದ್ದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ, ಟರ್ಬೊ ಮಿತಿ ಮೀರಿ ತಿರುಗುತ್ತದೆ.

ಅದು ಹುಟ್ಟಿದ ಗಾಡಿಯಲ್ಲಿ ಈ ರೆಕ್ಕೆ ಆಡಿಸುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಆರ್‌ಪಿಎಂ ಎಷ್ಟು, ಡೀಸೆಲ್ ಎಷ್ಟು, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟು ಎಂದು ನೋಡಿ, ಸೊಲೆನಾಯ್ಡ್ ಎಂಬ ಕರೆಂಟಿನ ವಾಲ್ವ್ ಮೂಲಕ ರೆಕ್ಕೆಯ ಡಬ್ಬಿಗೆ ವ್ಯಾಕ್ಯೂಮ್ ಕೊಡುತ್ತದೆ. ಆ ಎಳೆತಕ್ಕೆ ರೆಕ್ಕೆ ಆಡುತ್ತದೆ. ನನ್ನ ಗಾಡಿಯಲ್ಲಿ ಇಸಿಯು ಇಲ್ಲ. ಪಂಪಿಗೆ ಎಲ್ಲ ಗೊತ್ತು. ಒಳಗಿನ ಗವರ್ನರ್ ಗುಂಡುಗಳಿಗೆ ಆರ್‌ಪಿಎಂ ಗೊತ್ತು, ಲಿವರ್‌ಗೆ ಕಾಲಿನ ಒತ್ತು ಗೊತ್ತು. ಆದರೆ ಯಾರಿಗೂ ಹೇಳೋಕೆ ಬಾಯಿಲ್ಲ.

ನಮ್ಮ ಕಾಕಾ ಹುಬ್ಬಳ್ಳಿಯ ಗೋಕುಲ ರಸ್ತೆಯ ಹತ್ತಿರ ಪಂಪು-ನಾಜಲ್ ಅಂಗಡಿ ಇಟ್ಟವನು. ಬಜಾಜ್ ಟೆಂಪೋದವರು ಬೆಂಜ್‌ನ ಓಎಂ616ಕ್ಕೆ ಲೈಸೆನ್ಸ್ ಪಡೆದು ಮಾಡಿದ ಇಂಜಿನ್ನುಗಳ ಪಂಪು ಅವನ ಕೈಯಲ್ಲಿ ಎಷ್ಟು ಬಿಚ್ಚಿವೆಯೋ ಲೆಕ್ಕವಿಲ್ಲ. ಇಂಥ ಪಂಪು ಮಾಡುವ, 1951ರಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಕಾಕಾನ ಬಾಯಲ್ಲಿ ಇನ್ನೂ ಮೈಕೋನೇ. ಅವನು ಪಂಪನ್ನು ಟೆಸ್ಟ್ ಬೆಂಚಿಗೆ ಕಟ್ಟಿ, ಗಾಜಿನ ಕೊಳವೆಗಳಲ್ಲಿ ಪ್ರತಿ ಸಿಲಿಂಡರಿನ ಡೀಸೆಲ್ ಅಳೆಯುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡುವುದಿಲ್ಲ. ಆದರೆ ಪಂಪು ಇಂಜಿನ್ನಿಗೆ ಕೂತ ಮೇಲೆ ಅಳತೆ ಮುಗಿಯಿತು. ಆಮೇಲೆ ಹೊಗೆ ನೋಡಿ, ಸದ್ದು ಕೇಳಿ, ಒಂದು ರೌಂಡು ಓಡಿಸಿ ತೀರ್ಮಾನ.

ಇಲ್ಲಿಯವರದು ತದ್ವಿರುದ್ಧ. ಪಂಪನ್ನು ಇವರು ಮುಟ್ಟುವುದೇ ಇಲ್ಲ. ಡೀಸೆಲ್ ಜಾಸ್ತಿ ತಳ್ಳುವ ದಪ್ಪ ಪ್ಲಂಜರ್ ಹಾಕಿ ಕೊಡುವವರಿಗೆ ಪಾರ್ಸೆಲ್ ಮಾಡುತ್ತಾರೆ. ಇಂಜಿನ್ನಿಗೆ ಕೂರಿಸಿದ ಮೇಲೆ ಮಾತ್ರ ಗೇಜಿನ ಮೇಲೆ ಗೇಜು. ಬೂಸ್ಟಿಗೊಂದು, ಟರ್ಬೊಗೆ ಮುಂಚಿನ ಎಕ್ಸಾಸ್ಟ್ ಒತ್ತಡಕ್ಕೊಂದು (ಇದೇ ಬ್ಯಾಕ್‌ಪ್ರೆಷರ್), ಬಿಸಿಗೊಂದು. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಗಾಡಿಯೋ, ಐಸಿಯು ವಾರ್ಡೋ ಅಂತ.

ನಗು ನಿಂತಿದ್ದು ನನ್ನದೇ ಗಾಡಿಗೆ ಆ ಗೇಜು ಹಾಕಿದ ದಿನ. ನಾನು ಸುಲಭದ ದಾರಿ ಹಿಡಿದಿದ್ದೆ. ವ್ಯಾಕ್ಯೂಮ್ ಡಬ್ಬಿ ತೆಗೆದು, ವೇಸ್ಟ್‌ಗೇಟ್ ಟರ್ಬೊದ (ಬೂಸ್ಟ್ ಜಾಸ್ತಿಯಾದಾಗ ಎಕ್ಸಾಸ್ಟ್ ಗಾಳಿಯನ್ನು ಪಕ್ಕಕ್ಕೆ ಬಿಡುವ ಸಾದಾ ಟರ್ಬೊ) ಒತ್ತಡದ ಡಬ್ಬಿ ಹಾಕಿದ್ದೆ. ಸ್ಪ್ರಿಂಗ್ ರೆಕ್ಕೆಗಳನ್ನು ಮುಚ್ಚಿ ಹಿಡಿಯುತ್ತದೆ, ಬೂಸ್ಟ್ ಏರಿದಂತೆ ಡಯಾಫ್ರಮ್ ರಾಡನ್ನು ತಳ್ಳಿ ತೆರೆಯುತ್ತದೆ. ಪಿಕಪ್ ಸೊಗಸಾಗಿತ್ತು. ಆದರೆ ಹೆದ್ದಾರಿಯಲ್ಲಿ 90ರಲ್ಲಿ ಸುಮ್ನೆ ಹೋಗುವಾಗ ಬೂಸ್ಟ್ ಅರ್ಧ ಬಾರ್, ಬ್ಯಾಕ್‌ಪ್ರೆಷರ್ ಒಂದು ಬಾರ್ ದಾಟಿತ್ತು. ಡಬ್ಬಿ ಕೆಲಸ ಶುರು ಮಾಡುವಷ್ಟು ಬೂಸ್ಟ್ ಇಲ್ಲ, ಹಾಗಾಗಿ ರೆಕ್ಕೆ ಪೂರ್ತಿ ಮುಚ್ಚಿಯೇ ಇದೆ. ಇಂಜಿನ್ ತನ್ನ ಹೊಗೆಯನ್ನು ತಾನೇ ತಳ್ಳಲು ಡೀಸೆಲ್ ಸುಡುತ್ತಿತ್ತು. ಹೊಗೆ ನೋಡಿ, ಸದ್ದು ಕೇಳಿ ಇದನ್ನು ಕಂಡುಹಿಡಿಯಲು ಕಾಕಾನಿಂದಲೂ ಆಗುತ್ತಿರಲಿಲ್ಲ.

ವೇಸ್ಟ್‌ಗೇಟ್ ಬುದ್ಧಿಯನ್ನು ವಿಜಿಟಿಗೆ ಹಚ್ಚಿದರೆ ಆಗುವುದೇ ಇದು. ವೇಸ್ಟ್‌ಗೇಟಿಗೆ ಒಂದೇ ಪ್ರಶ್ನೆ: ಬೂಸ್ಟ್ ಜಾಸ್ತಿಯಾಯಿತಾ? ವಿಜಿಟಿಗೆ ಕೇಳಬೇಕಾದ್ದು ಬೇರೆ: ಈ ಬೂಸ್ಟಿಗೆ ಎಷ್ಟು ಬೆಲೆ ತೆರುತ್ತಿದ್ದೇನೆ? ಆಕ್ಸಿಲರೇಟರ್‌ಗೆ ಕೇಬಲ್ ಕಟ್ಟಿ ರೆಕ್ಕೆ ಆಡಿಸುವವರೂ ಇದ್ದಾರೆ. ಕೇಬಲ್‌ಗೆ ಆರ್‌ಪಿಎಂ ಗೊತ್ತಾಗುವುದಿಲ್ಲ, ಅದನ್ನು ಅಲ್ಲಿಗೇ ಬಿಡೋಣ.

ಆಮೇಲೆ ಡಬ್ಬಿಯ ಪೈಪನ್ನು ಬೂಸ್ಟ್‌ನಿಂದ ಬಿಚ್ಚಿ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಕೊಟ್ಟೆ. ಬಿಸಿ ಗಾಳಿ ತಣ್ಣಗಾಗಿ ಬರಲಿ ಎಂದು ನಡುವೆ ಉದ್ದನೆಯ ಲೋಹದ ಸುರುಳಿ. ಈಗ ಬ್ಯಾಕ್‌ಪ್ರೆಷರ್ ಏರಿದಂತೆ ಅದೇ ಒತ್ತಡ ರೆಕ್ಕೆ ತೆರೆಯುತ್ತದೆ. ರೋಗವೇ ಮದ್ದು ಕುಡಿಸಿದಂತೆ. ಒಂದು ವೈರಿಲ್ಲ, ಒಂದು ಚಿಪ್ಪಿಲ್ಲ. ಖುಷಿಯಾಗಿ ಕಾಕಾನಿಗೆ ವಿಡಿಯೊ ಕಳಿಸಿದೆ. ವಾರವೆಲ್ಲ ಕೋಡ್ ಬರೆಯುವವನಿಗೆ ಸ್ಪ್ರಿಂಗ್ ಮೇಲೆ ಒಂದು ಥರ ಭಕ್ತಿ ಹುಟ್ಟುತ್ತದೆ.

ಜನವರಿಯಲ್ಲಿ ಮೈನಸ್ 24. ರಾತ್ರಿಯಿಡೀ ಇಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಪ್ಲಗ್ಗಿಗೆ ಹಾಕಿದ್ದರಿಂದ ಇಂಜಿನ್ ತಕರಾರಿಲ್ಲದೆ ಹೊತ್ತಿತು. ಹೆದ್ದಾರಿ ಹತ್ತುವಾಗ ಒತ್ತಿದೆ. ಬೂಸ್ಟ್ ಮುಳ್ಳು 2 ಬಾರ್ ದಾಟಿ ಮೇಲೇರುತ್ತಲೇ ಇತ್ತು. ಬ್ಯಾಕ್‌ಪ್ರೆಷರ್ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಕಾಲು ತೆಗೆದೆ, ಬದುಕಿದೆ. ಡೀಸೆಲ್ ಉರಿದರೆ ನೀರೂ ಹುಟ್ಟುತ್ತದೆ. ಆ ನೀರು ನನ್ನ ಸುರುಳಿಯಲ್ಲಿ ನಿಂತು ಮಂಜುಗಡ್ಡೆಯಾಗಿತ್ತು. ಗೇಜಿಗೂ ಡಬ್ಬಿಗೂ ಸುದ್ದಿಯೇ ಮುಟ್ಟಿರಲಿಲ್ಲ. ಸುದ್ದಿ ಮುಟ್ಟದಿದ್ದರೆ ಸ್ಪ್ರಿಂಗ್ ರೆಕ್ಕೆಯನ್ನು ಮುಚ್ಚಿಯೇ ಹಿಡಿಯುತ್ತದೆ.

ಆ ರಾತ್ರಿ ಫೋನ್ ಮಾಡಿದಾಗ ಕಾಕಾ ಬೈಯಲಿಲ್ಲ. "ತಮ್ಮಾ, ಒಂದ್ ಮಾತು ಮೊದ್ಲ ಕೇಳಬೇಕಿತ್ತು. ಪೈಪ್ ಹರದ್ರ ರೆಕ್ಕಿ ಎತ್ತ ಬೀಳ್ತಾವ?" ಎಂದ. ಅಷ್ಟೇ.

ಈ ಪ್ರಶ್ನೆ ಹಿಡಿದು ಹೊರಟರೆ ನನ್ನ ಭಕ್ತಿ ನಿಲ್ಲುವುದಿಲ್ಲ. ಬಿಎಂಡಬ್ಲ್ಯು ಕೊಟ್ಟಿದ್ದ ವ್ಯಾಕ್ಯೂಮ್ ಡಬ್ಬಿಯಲ್ಲಿ ಎಲ್ಲ ಉಲ್ಟಾ. ವ್ಯಾಕ್ಯೂಮ್ ಎಳೆದರೆ ಮಾತ್ರ ರೆಕ್ಕೆ ಮುಚ್ಚುತ್ತದೆ. ಪೈಪು ಹರಿಯಲಿ, ವೈರು ಕಳಚಲಿ, ಸೊಲೆನಾಯ್ಡ್ ಸಾಯಲಿ, ರೆಕ್ಕೆ ತೆರೆದುಕೊಳ್ಳುತ್ತದೆ. ಗಾಡಿ ಎತ್ತಿನಬಂಡಿಯಂತೆ ನಡೆಯುತ್ತದೆ, ಆದರೆ ಮನೆ ಮುಟ್ಟುತ್ತದೆ. ಹಾಗಂತ ವ್ಯಾಕ್ಯೂಮ್ ಅಂದರೆ ಯಾವಾಗಲೂ ಸುರಕ್ಷಿತ ಅಂತಲೂ ಅಲ್ಲ. ಇದೇ ಹಳೆ ಬೆಂಜ್‌ನಲ್ಲಿ ಇಂಜಿನ್ ಆಫ್ ಮಾಡುವುದೂ ವ್ಯಾಕ್ಯೂಮೇ. ಅದು ಲೀಕಾದರೆ ಕೀ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ!

ನನ್ನ ಫಿನ್ ಗೆಳೆಯರಿಗೆ ಸ್ಪ್ರಿಂಗ್ ಮೇಲೂ ಪ್ರೀತಿಯಿಲ್ಲ, ಚಿಪ್ಪಿನ ಮೇಲೂ ದ್ವೇಷವಿಲ್ಲ. ಒಬ್ಬ ಬಂದು ಒಂದು ಆರ್ಡುಯಿನೊ (ಕೋಡ್ ಬರೆದು ಆಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಮೇಜಿನ ಮೇಲಿಟ್ಟು ಹೋದ. ಮಾತಿಲ್ಲ. ಆಲ್ಟರ್ನೇಟರ್‌ನ ಡಬ್ಲ್ಯು ವೈರಿಂದ ಆರ್‌ಪಿಎಂ ತೆಗೆದೆ, ಪಂಪಿನ ಲಿವರ್‌ಗೆ ಅದು ಎಷ್ಟು ತಿರುಗಿತೆಂದು ಹೇಳುವ ಒಂದು ಪೊಟೆನ್ಷಿಯೊಮೀಟರ್ ಕಟ್ಟಿದೆ. ಬೂಸ್ಟಿಗೊಂದು, ಬ್ಯಾಕ್‌ಪ್ರೆಷರ್‌ಗೊಂದು ಸೆನ್ಸರ್. ಬ್ರೇಕಿನ ವ್ಯಾಕ್ಯೂಮ್ ಪಂಪಿನಿಂದ ಹಳೆಯ ಡಬ್ಬಿಗೆ ಸೊಲೆನಾಯ್ಡ್ ಮೂಲಕ ಪೈಪು. ಬ್ಯಾಕ್‌ಪ್ರೆಷರ್ ಪೈಪನ್ನು ಈ ಸಲ ಮ್ಯಾನಿಫೋಲ್ಡಿನ ಕಡೆಗೆ ಇಳಿಜಾರಾಗಿ ಕೂರಿಸಿದೆ, ನೀರು ವಾಪಸ್ ಹರಿಯಲಿ ಅಂತ. ಬೂಸ್ಟ್ ಇದ್ದೂ ಬ್ಯಾಕ್‌ಪ್ರೆಷರ್ ಸೊನ್ನೆ ತೋರಿಸಿದರೆ ಕೋಡ್ ಸುಳ್ಳು ಹಿಡಿದು ರೆಕ್ಕೆ ತೆರೆದುಬಿಡುತ್ತದೆ. ಸ್ಪ್ರಿಂಗಿಗೆ ಅನುಮಾನ ಪಡುವುದು ಗೊತ್ತಿಲ್ಲ.

"ಮೆಕ್ಯಾನಿಕಲ್ ಅಂದ್ರೆ ಗಟ್ಟಿ, ಎಲೆಕ್ಟ್ರಾನಿಕ್ ಅಂದ್ರೆ ಕೈಕೊಡುತ್ತೆ" ಎಂಬ ಮಾತು ನಮ್ಮಲ್ಲಿ ಬಹಳ ಓಡುತ್ತದೆ. ನಾನೂ ಅದನ್ನೇ ನಂಬಿದ್ದೆ. ಈಗ ಅದು ಸೋಮಾರಿ ಮಾತು ಅನಿಸುತ್ತದೆ. ಹಾಗೆಂದು ಹುಬ್ಬಳ್ಳಿಯ ಕ್ರೂಸರ್‌ಗೆ ವಿಜಿಟಿ, ಆರ್ಡುಯಿನೊ ಹಾಕಿ ಅಂತ ನಾನು ಹೇಳಲ್ಲ. ದಿನಕ್ಕೆ ನಾಲ್ಕು ಟ್ರಿಪ್ ಜನ ತುಂಬಿಕೊಂಡು ಓಡುವ ಗಾಡಿಗೆ ಸಾದಾ ವೇಸ್ಟ್‌ಗೇಟ್ ಟರ್ಬೊ ಸಾಕು. ಕೆಟ್ಟರೆ ರಸ್ತೆ ಬದಿಯಲ್ಲೇ ರಿಪೇರಿ ಆಗಬೇಕು, ಅಲ್ವಾ?

ಕಾಕಾನಿಗೆ ಆರ್ಡುಯಿನೊ ತೋರಿಸಿದಾಗ ಅವನು ಅದರ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿದ್ದ ಎರಡು ಮುಳ್ಳಿನ ಗೇಜಿನ ಮೇಲೆ ಕಣ್ಣು. ಬೂಸ್ಟ್, ಬ್ಯಾಕ್‌ಪ್ರೆಷರ್ ಎರಡೂ ಒಂದರಲ್ಲೇ ತೋರಿಸುವಂಥದ್ದು.

"ಮುಂದಿನ ಸಲ ಬರೋವಾಗ ಇಂಥಾದ್ದೊಂದು ತಗೊಂಡ್ ಬಾ. ಎರಡ್ ತಂದ್ರೂ ಬ್ಯಾಡ ಅನ್ನಂಗಿಲ್ಲ" ಎಂದ.