ಡಬಲ್ ಎಕ್ಸೆಲ್ ಟೀ ಶರ್ಟು

“ರೀ, ನಿಮ್ಮ ರೇಡಿಯೋ ಸ್ಟೇಷನ್ನು ಮತ್ತ ಬಣ್ಣ ಬದಲ್ಸೈತಿ, ಬಂದು ಕೇಳ್ರಿ!”

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗ್ಗೆ ಏಳೂಕಾಲಿಗೆ ಯಾರೂ ಏನನ್ನೂ ಬಂದು ಕೇಳುವುದಿಲ್ಲ, 7.42ರ ಲೋಕಲ್ ರೈಲು ಇರುತ್ತದೆ. ಆದರೂ ಹೋದೆ. ಫ್ರಿಜ್ಜಿನ ಮೇಲಿನ ರೇಡಿಯೋದಲ್ಲಿ ಒಬ್ಬ ಹುಡುಗ ಉಸಿರೂ ಬಿಡದೆ, ಇನ್ನು ಮೇಲೆ ಬರೀ ಹಳೇ ಹಾಡು ಅಂತ ಡಂಗುರ ಸಾರುತ್ತಿದ್ದ. ಶುರುವಿನಲ್ಲಿ ಇವರದು ಬರೀ ಹೊಸ ಹಾಡು. ಆಮೇಲೆ ಕೆಲ ಕಾಲ ಇಂಗ್ಲಿಷು, ಆಮೇಲೆ ರಾತ್ರಿಯಿಡೀ ಪ್ರೇಮಿಗಳ ಕಣ್ಣೀರು ಒರೆಸುವ ಕೆಲಸ. ಈಗ ಹಳೇ ಹಾಡು ಅಂತ ಹಾಕುತ್ತಿರುವುದು ಯಾವುದು ಗೊತ್ತಾ? 2002ರಲ್ಲಿ ಮುಂಬೈಗೆ ಖಾಸಗಿ ಎಫ್ಎಂ ಬಂದಾಗ ಇವರೇ ಹೊಸದು ಅಂತ ಹಾಕಿದ್ದು.

ನನಗೆ ಈ ಸ್ಟೇಷನ್ನಿನ ಮೇಲೆ ಒಂದು ಹಕ್ಕಿದೆ. 2003ರಲ್ಲಿ ಇವರ ಸ್ಪರ್ಧೆಯಲ್ಲಿ ಗೆದ್ದವನು ನಾನು. ಬರೀ ಪಿಟೀಲು ಕೇಳಿಸಿ ಹಾಡು ಯಾವುದು ಅಂದಿದ್ದರು. ಒಂದು ರೂಪಾಯಿ ಕಾಯಿನ್ ಫೋನಿನಿಂದ, ಹಿಂದೆ ನಿಂತವರ ಬೈಗುಳ ತಿನ್ನುತ್ತಾ, ಉತ್ತರ ಹೇಳಿದೆ. ಹೆಸರು ಹಿರೇಮಠ ಅಂತ ಹೇಳಿದರೆ ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಹೀರಾಮತ್ ಅಂದಳು. ಇರಲಿ, ಊರಿಗೆಲ್ಲ ಕೇಳಿಸಿತಲ್ಲ. ಬಹುಮಾನವನ್ನು ಮೂರು ದಿನದೊಳಗೆ ಖುದ್ದಾಗಿ ಬಂದು ಒಯ್ಯಬೇಕಂತೆ. ಅರ್ಧ ದಿನ ರಜೆ ಹಾಕಿ, ಸ್ಲೋ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು, ಕರ್ರಿ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಲೋವರ್ ಪರೇಲ್ ಮುಟ್ಟಿದೆ. ಮುಚ್ಚಿದ ಮಿಲ್ಲೊಂದರ ಕಾಂಪೌಂಡು, ಚಿಮಣಿ ಇನ್ನೂ ಹಾಗೇ ನಿಂತಿತ್ತು, ಕೆಳಗೆ ಗಾಜಿನ ಆಫೀಸು.

ರಿಸೆಪ್ಷನ್ನಿನವಳು ಗುರುತಿನ ಚೀಟಿ ನೋಡಿ, “ಗೆದ್ದವರು ಹೀರಾಮತ್, ನೀವು ಬೇರೆ” ಅಂದಳು. ಎರಡೂ ನಾನೇ ಅಂತ ಮರಾಠಿಯಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಕೊನೆಗೆ ಸಿಟ್ಟು ಬಂದು ಸುಮ್ನೆ ಕನ್ನಡದಲ್ಲೂ ಹೇಳಿದೆ. ಕೂರಿ ಅಂದಳು. ಒಂದೂಕಾಲು ಗಂಟೆ ಕೂತೆ. ತಲೆಯ ಮೇಲಿನ ಸ್ಪೀಕರಿನಲ್ಲಿ ಅವರದೇ ಸ್ಟೇಷನ್ನು. ಹದಿನೈದೋ ಹದಿನಾರೋ ಹಾಡು ಬಂದವು, ಒಂದರದ್ದೂ ಎರಡನೇ ಚರಣ ಬರಲಿಲ್ಲ. ಪಲ್ಲವಿ, ಒಂದು ಚರಣ, ಕತ್ತರಿ, ಜಾಹೀರಾತು. ಗಾಯಕಿ ಅಷ್ಟು ಹೊತ್ತು ನಿಂತು ಹಾಡಿದ್ದು ಯಾರಿಗೆ? ಕೊನೆಗೆ ಸಿಕ್ಕಿದ್ದು ಸ್ಟೇಷನ್ನಿನ ಹೆಸರು ಬರೆದ ಟೀ ಶರ್ಟು, ಡಬಲ್ ಎಕ್ಸೆಲ್. ಆಗ ನನ್ನ ತೂಕ 52 ಕಿಲೋ. ತೊಟ್ಟರೆ ಗಣೇಶೋತ್ಸವದ ಪೆಂಡಾಲಿನೊಳಗೆ ನಿಂತ ಹಾಗೆ.

ಆ ಚರಣದ ಸಿಟ್ಟು ಇನ್ನೂ ಇಳಿದಿಲ್ಲ. ಸರ್ಕಾರಕ್ಕೆ ಕಟ್ಟುವ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇಕಡ 15ರಂತೆ ಏರುತ್ತದೆ, ಜಾಹೀರಾತು ತುರುಕದೆ ವಿಧಿಯಿಲ್ಲ ಅನ್ನುತ್ತಿದ್ದರು. ಸರಿ, 2005ರಲ್ಲಿ ಆ ಪದ್ಧತಿ ಹೋಗಿ ಆದಾಯದ ಶೇಕಡ 4ರ ಲೆಕ್ಕ ಬಂತು. ಚರಣ ವಾಪಸ್ ಬಂತಾ? ಇಲ್ಲ. ಬರೆದವರು ಯಾರು, ರಾಗ ಹಾಕಿದವರು ಯಾರು ಅಂತಲೂ ಹೇಳುವುದಿಲ್ಲ. 1957ರಿಂದ ವಿವಿಧ ಭಾರತಿ ಅದನ್ನು ನಿಧಾನವಾಗಿ, ಮನೆಗೆ ಬಂದ ನೆಂಟರನ್ನು ಪರಿಚಯಿಸುವ ಹಾಗೆ ಹೇಳುತ್ತಾ ಬಂದಿದೆ, ಅವರಿಗೇನು ಗಂಟಲು ನೋವು ಬಂತೇ? ಅದಕ್ಕೂ ಮುಂಚೆ ಕೇಂದ್ರದ ವಾರ್ತಾ ಮಂತ್ರಿ ಕೇಸ್ಕರರು ಸಿನಿಮಾ ಹಾಡನ್ನೇ ಆಕಾಶವಾಣಿಯಿಂದ ಹೊರಗಟ್ಟಿದ್ದಕ್ಕೆ ಜನ ರೇಡಿಯೋ ಸಿಲೋನ್ ಹಿಡಿದು ಕೂತಿದ್ದರು. ಅವರು ಇಡೀ ಹಾಡು ಕಿತ್ತರು, ಇವರು ಅರ್ಧ ಕೀಳುತ್ತಾರೆ. ಪ್ರಗತಿ ಅಂದರೆ ಇದೇ ಇರಬೇಕು.

ಟೀ ಶರ್ಟು ಈಗ ಒಲೆಕಟ್ಟೆ ಒರೆಸುವ ಬಟ್ಟೆ. ಹೆಸರಿನ ಮೊದಲೆರಡು ಅಕ್ಷರ ಅಳಿಸಿವೆ. ಹೆಂಡತಿ ಅದರಲ್ಲೇ ಚೆಲ್ಲಿದ ಹಾಲು ಒರೆಸುತ್ತಿದ್ದಳು. ರೇಡಿಯೋದಲ್ಲಿ ಆ ಪಿಟೀಲು ಶುರುವಾಯಿತು, ನಾನು ಗೆದ್ದ ಅದೇ ಹಾಡು.

“ಲೋಕಲ್ ತಪ್ಪತೈತಿ ನೋಡ್ರಿ.”

“ತಡಿಯೇ, ಒಂದು ಚರಣ ಆಯ್ತು.”

ಇಂಟರ್ಲೂಡ್ ಬಂತು, ಕೊಳಲೂ ಬಂತು. ಆಮೇಲೆ ಸಿಮೆಂಟಿನ ಜಾಹೀರಾತು.