ಮೊದ್ಲು ಕುಡಿತ ಬಿಡ್ಸಿ, ಆಮೇಲೆ ಬನ್ನಿ

ಮಾನಸಿಕ ಡಾಕ್ಟ್ರಲ್ಲಿಗೆ ಹೋದ್ರೆ "ಮೊದ್ಲು ಕುಡಿತ ಬಿಡ್ಸಿ, ಆಮೇಲೆ ಕರ್ಕೊಂಡು ಬನ್ನಿ." ಕುಡಿತ ಬಿಡಿಸುವಲ್ಲಿಗೆ ಹೋದ್ರೆ "ಕಿವಿಯಲ್ಲಿ ಮಾತು ಕೇಳ್ತದಲ್ಲ ಇವರಿಗೆ, ಅದು ಮೊದ್ಲು ಹತೋಟಿಗೆ ಬರ್ಲಿ." ದೊಡ್ಡಪ್ಪನ ಮಗ ಅಣ್ಣನನ್ನು ಕರ್ಕೊಂಡು ನಾನೂ ಅತ್ತಿಗೆಯೂ ಕಾಸರಗೋಡಿನ ಬದಿಯಡ್ಕದಿಂದ ಎಷ್ಟು ಸಲ ಬಸ್ಸು ಹತ್ತಿದ್ದೇವೋ ಲೆಕ್ಕ ಇಲ್ಲ ಮಾರಾಯ್ರೆ.

ಯಾಕೆ ಕುಡೀತಿ ಅಂತ ಒಬ್ರೂ ಅವನನ್ನು ಕೇಳ್ಲಿಲ್ಲ. ಒಂದಿನ ಅಡಿಕೆ ಸುಲಿತಾ ಅವನೇ ಹೇಳಿದ, "ಎರಡು ಪೆಗ್ ಹಾಕಿದ್ರೆ ಅವ್ರು ಸ್ವಲ್ಪ ಹೊತ್ತು ಸುಮ್ಮನಿರ್ತಾರೆ ತಂಗೀ." ಅವ್ರು ಅಂದ್ರೆ ಕಿವಿಯೊಳಗಿನವರು. ಮತ್ತೆ ಕುಡಿದ ದಿನ ಮಾತ್ರೆ ತಗೊಳ್ಬಾರ್ದು ಅಂತ ಯಾರೋ ಹೇಳಿದ್ದಕ್ಕೆ ಇವನು ಬಿಟ್ಟದ್ದು ಮಾತ್ರೆಯನ್ನು, ಕುಡಿಯುವುದನ್ನಲ್ಲ! ಮಾತ್ರೆ ಬಿಟ್ರೆ ಮಾತು ಜೋರು, ಮಾತು ಜೋರಾದ್ರೆ ಇನ್ನೊಂದು ಪೆಗ್.

2020ರ ಮಾರ್ಚ್ ನೆನಪುಂಟಲ್ಲ, ಕೊರೊನಾ ಲಾಕ್‌ಡೌನು. ಕರ್ನಾಟಕದ ಗಡಿ ತಲಪಾಡಿಯಲ್ಲಿ ದಾರಿ ಬಂದ್, ಅವನ ಮಾತ್ರೆ ಮಂಗಳೂರಿನದ್ದು. ಇತ್ತ ಕೇರಳದಲ್ಲಿ ಮದ್ಯದಂಗಡಿಯೂ ಬಂದ್. ಡಾಕ್ಟ್ರ ಚೀಟಿ ಇದ್ರೆ ಮದ್ಯ ಕೊಡ್ಬಹುದು ಅಂತ ಸರ್ಕಾರ ಆದೇಶ ಮಾಡಿದ್ದು, ಹೈಕೋರ್ಟು ತಡೆ ಕೊಟ್ಟದ್ದು ಎಲ್ಲ ಆವಾಗ್ಲೇ. ಮೂರನೇ ದಿನ ಅಣ್ಣನ ಕೈ ನಡುಗ್ಲಿಕ್ಕೆ ಶುರು, ಮೈಯೆಲ್ಲ ಬೆವರು, ಗೋಡೆಯಲ್ಲಿ ಹುಳ ಹರೀತದೆ ಅಂತ ಕಿರುಚಾಟ. "ಹಳೇ ಹುಚ್ಚು ಕೆದರಿತು" ಅಂದ್ರು ನೆರೆಯವ್ರು, ನಾವೂ ಹಾಗೇ ಅಂದ್ಕೊಂಡೆವು. ದಿನಾ ಜೋರು ಕುಡಿಯುವವ್ರು ಒಮ್ಮೆಲೇ ನಿಲ್ಲಿಸಿದ್ರೆ ಎರಡು ಮೂರು ದಿನಕ್ಕೆ ಹೀಗಾಗ್ತದೆ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಅಂತ ಗೊತ್ತಾದದ್ದು ಆಮೇಲೆ. ಎರಡೂ ಕಾಯಿಲೆ ಗೊತ್ತಿರುವ ಒಬ್ಬರೇ ಡಾಕ್ಟ್ರು ಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಡ್ರಗ್ಸಿನಿಂದ ಬರುವ ಮಾನಸಿಕ ತೊಂದರೆಯನ್ನೂ ಮಾನಸಿಕ ಕಾಯಿಲೆ ಅಂತಲೇ ಲೆಕ್ಕ ಹಾಕ್ತದೆ. ಕಾನೂನಿಗೆ ಗೊತ್ತಾದದ್ದು ಆಸ್ಪತ್ರೆಯ ಓಪಿ ಕೌಂಟರಿಗೆ ಯಾವಾಗ ಗೊತ್ತಾಗ್ತದೋ!

ಇನ್ನೊಂದು ನಮ್ಮ ಗಡಿನಾಡಿನವರ ಕಷ್ಟ. ಇಲ್ಲಿ ಕೌನ್ಸೆಲಿಂಗ್ ಎಲ್ಲ ಮಲಯಾಳದಲ್ಲಿ. ಅಣ್ಣನಿಗೆ ಮಲಯಾಳ ಬರ್ತದೆ, ಪೇಟೆಯಲ್ಲಿ ವ್ಯಾಪಾರಕ್ಕೆ ಸಾಕಾಗುವಷ್ಟು. ಆದ್ರೆ ಕಿವಿಯೊಳಗಿನವರು ಮಾತಾಡುವುದು ಕನ್ನಡದಲ್ಲಿ, ಅವ್ರು ಬಯ್ಯುವುದನ್ನು ಮಲಯಾಳದಲ್ಲಿ ಹೇಳು ಅಂದ್ರೆ ಎಂತ ಹೇಳುವುದು ಅವ್ನು?

ಈಗೊಬ್ರು ಡಾಕ್ಟ್ರು ಸಿಕ್ಕಿದ್ದಾರೆ, ಎರಡನ್ನೂ ಒಂದೇ ಫೈಲಲ್ಲಿ ನೋಡ್ತಾರೆ. ಎಲ್ಲ ಸರಿಯಾಯ್ತು ಅಂತಲ್ಲ, ಕಳೆದ ತಿಂಗಳು ಭೂತದ ಕೋಲಕ್ಕೆ ಹೋದವ ಕುಡಿದೇ ಬಂದ. ಅತ್ತಿಗೆ ಹೆದರ್ಕೊಂಡೇ ಫೋನ್ ಮಾಡಿದ್ರು, ಇನ್ನು ನೋಡುವುದಿಲ್ಲ ಅಂತ ಹೇಳ್ತಾರೇನೋ ಅಂತ. ಡಾಕ್ಟ್ರು ಬಯ್ಲಿಲ್ಲ. "ಎಷ್ಟು ಕುಡಿದಿದ್ದಾರೆ, ಮಾತ್ರೆ ಎಷ್ಟು ದಿನದಿಂದ ಬಿಟ್ಟಿದ್ದಾರೆ, ನಾಳೆ ಕರ್ಕೊಂಡು ಬನ್ನಿ" ಅಂದ್ರು, ಅಷ್ಟೇ.