ಸಾಣಿಕಟ್ಟಾದ ಉಪ್ಪು, ರಣದ ಉಪ್ಪು

ಊರಿನಿಂದ ಬಂದ ನೆಂಟರು ಅಹಮದಾಬಾದಿನ ನಮ್ಮ ಮನೆಯಲ್ಲಿ ಚೀಲ ಇಳಿಸಿದ ಮರುದಿನವೇ ಗುಜರಾತಿನ ಉಪ್ಪಿನ ಬಯಲಾದ ಬಿಳಿ ರಣ ನೋಡಬೇಕು ಎನ್ನುತ್ತಾರೆ. ಹುಣ್ಣಿಮೆಯ ರಾತ್ರಿ ಹಾಲು ಚೆಲ್ಲಿದಂತೆ ಕಾಣುವ ಕಛ್‌ನ ದೊಡ್ಡ ರಣ ಚೆಲುವಾದದ್ದೇ. ನಾನು ಮಾತ್ರ ಅವರನ್ನು ಮೊದಲು ಚಿಕ್ಕ ರಣಕ್ಕೆ, ಖಾರಾಘೋಡಾದ ಕಡೆಗೆ ಕರೆದೊಯ್ಯುತ್ತೇನೆ. ಊರು ದಾಟಿ ಜೀಪು ಬಯಲಿಗೆ ಇಳಿದರೆ ಬಿರುಕುಬಿಟ್ಟ ಕಂದು ನೆಲ, ಅದರಾಚೆ ಆಕಾಶ, ಕಣ್ಣು ಹಾಯುವವರೆಗೆ ಒಂದು ಮರವಿಲ್ಲ. ‘ಇಲ್ಲಿ ಏನೂ ಇಲ್ಲವಲ್ಲ!’ ಎನ್ನುತ್ತಾರೆ ನೆಂಟರು. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಇದೇ ಮಾತನ್ನು ಸರ್ಕಾರದ ಕಾಗದಗಳೂ ಹೇಳಿಕೊಂಡು ಬಂದಿವೆ.

ನಾನು ಗೋಕರ್ಣದ ಹತ್ತಿರದವನು, ಸಾಣಿಕಟ್ಟಾ ಆಗರದ, ಎಂದರೆ ಉಪ್ಪಿನ ಗದ್ದೆಗಳ, ಉಪ್ಪು ತಿಂದು ಬೆಳೆದವನು. ಮಾವಿನ ಮಿಡಿ ಬರುವ ಹೊತ್ತಿಗೆ ನಮ್ಮ ಆಯಿ ಆ ಕಂದು ಛಾಯೆಯ ಹರಳುಪ್ಪನ್ನು ತರಿಸಿ, ಮೊರದಲ್ಲಿ ಹರಡಿ, ಕಸ ಆರಿಸುತ್ತಿದ್ದಳು. ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಎಂದು ಅವಳ ಖಚಿತ ಅಭಿಪ್ರಾಯ. ಅಘನಾಶಿನಿಯ ಅಳಿವೆಗೆ ಉಬ್ಬರದಲ್ಲಿ ನುಗ್ಗುವ ಉಪ್ಪುನೀರನ್ನು ಒಳಕ್ಕೆ ಬಿಟ್ಟುಕೊಂಡು, ಕಟ್ಟೆಯಿಂದ ಕಟ್ಟೆಗೆ ಹರಿಸಿ, ಬಿಸಿಲಿಗೆ ಕಾಯಿಸಿ ತೆಗೆಯುವ ಉಪ್ಪು ಅದು. ಈ ಕಸುಬಿನಿಂದಲೇ ನಮ್ಮ ಕಡೆಯ ಆಗೇರರಿಗೆ ಹೆಸರು ಬಂದದ್ದು. ಚಿಕ್ಕ ರಣದಲ್ಲಿ ಉಪ್ಪು ಮಾಡುವವರಿಗೆ ‘ಅಗರಿಯಾ’ ಎನ್ನುತ್ತಾರೆ ಎಂದು ಮೊದಲ ಸಲ ಕೇಳಿದಾಗ, ಸಾವಿರ ಕಿಲೋಮೀಟರ್ ದೂರದಲ್ಲಿ ನಮ್ಮೂರಿನವರೇ ಸಿಕ್ಕಂತಾಗಿತ್ತು.

ಕೆಲಸದ ರೀತಿ ಮಾತ್ರ ಬೇರೆ. ಚಿಕ್ಕ ರಣಕ್ಕೆ ಮಳೆಗಾಲದಲ್ಲಿ ಬನಾಸ್, ರೂಪೇಣ್ ನದಿಗಳ ನೀರೂ ಕಛ್ ಕೊಲ್ಲಿಯ ನೀರೂ ಬಂದು ಸೇರಿ, ಸುಮಾರು 5,000 ಚದರ ಕಿಲೋಮೀಟರ್ ಬಯಲಿನ ಬಹುಭಾಗ ತೆಳುವಾದ ಸರೋವರವಾಗುತ್ತದೆ. ಅಕ್ಟೋಬರ್ ಹೊತ್ತಿಗೆ ನೀರು ಇಂಗಿ ಆರಿ ಚೌಳು ನೆಲ ಮೇಲೇಳುತ್ತದೆ. ಆಗ ಅಗರಿಯಾಗಳು ಮಕ್ಕಳುಮರಿ ಸಮೇತ ಬಯಲಿಗೆ ಇಳಿಯುತ್ತಾರೆ. ಉಪ್ಪುನೀರು ಬರುವುದು ನೆಲದ ಅಡಿಯಿಂದ. ಬಾವಿ ಕೊರೆದು ಎತ್ತುವ ಆ ನೀರು ಸಮುದ್ರದ ನೀರಿಗಿಂತ ಎಷ್ಟೋ ಪಾಲು ಗಟ್ಟಿ. ಪಾತಿಯ ನೆಲವನ್ನು ದಿನಗಟ್ಟಲೆ ಬರಿಗಾಲಿನಲ್ಲಿ ತುಳಿದು ತುಳಿದು ಹದ ಮಾಡುತ್ತಾರೆ, ನೀರು ಕೆಳಗೆ ಸೋರಬಾರದು. ಆಮೇಲೆ ಹಲ್ಲಿನ ಹಲುಬೆಯಂಥ ಉಪಕರಣವನ್ನು ಉಪ್ಪಿನ ಮೇಲೆ ತಿಂಗಳುಗಟ್ಟಲೆ ಎಳೆಯುತ್ತಾರೆ. ಹೀಗೆ ಎಳೆದಷ್ಟೂ ಹರಳು ದಪ್ಪವಾಗಿ ಬಲಿಯುತ್ತದೆ. ಗೋಲಿಯಷ್ಟು ದಪ್ಪದ, ಗಾಜಿನಂಥ ಆ ‘ವಡಾಗರಾ’ ಉಪ್ಪನ್ನು ನಾನು ಆಯಿಗೆ ಒಯ್ದುಕೊಟ್ಟಾಗ ಅವಳು ನಾಲಿಗೆಗೆ ತಾಗಿಸಿ, ಬೆಳಕಿಗೆ ಹಿಡಿದು, ದೇವರ ಗೂಡಿನಲ್ಲಿ ಇಟ್ಟಳು.

ಒಮ್ಮೆ ಅಗರಿಯಾಗಳ ಒಂದು ಗುಡಿಸಲಿನ ಮುಂದೆ ಕುಳಿತಿದ್ದೆವು. ಮನೆಯ ಹೆಂಗಸು ಚಹಾ ಕೊಟ್ಟಳು. ಕುಡಿಯುವ ನೀರು ಟ್ಯಾಂಕರಿನಲ್ಲೇ ಬರಬೇಕಾದ ಜಾಗದಲ್ಲಿ ನಾಲ್ಕು ಲೋಟ ಚಹಾ ಎಂದರೆ ಎಷ್ಟು ದೊಡ್ಡದು ಎಂಬುದು ನಮಗೆ ಹೊಳೆದದ್ದು ಲೋಟ ಕೆಳಗಿಟ್ಟ ಮೇಲೆ. ಅವಳ ಅಂಗಾಲು ಒಣಗಿದ ತೊಗಲಿನಂತೆ ಬಿರಿದಿತ್ತು. ಚಿತೆಯಲ್ಲಿ ಮೈಯೆಲ್ಲ ಸುಟ್ಟರೂ ಅಗರಿಯಾಗಳ ಪಾದ ಸುಡುವುದಿಲ್ಲ, ಅದನ್ನು ಬೇರೆಯಾಗಿ ಉಪ್ಪಿನ ಜೊತೆ ಹೂಳುತ್ತಾರೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

‘ನಿಮ್ಮದು ಎಷ್ಟು ಜಮೀನು, ಬೆನ್?’ ಎಂದು ಕೇಳಿದೆ.

‘ಜಮೀನೆಲ್ಲಿದೆ, ಭಾಈ? ಆಷಾಢದಲ್ಲಿ ಬಂದು ನೋಡಿ, ಎಲ್ಲ ನೀರೇ. ಆದರೆ ಪ್ರತಿ ವರ್ಷ ನಾವು ಇಲ್ಲಿಗೇ ಬರುತ್ತೇವೆ. ನನ್ನ ಅತ್ತೆಯೂ ಇಲ್ಲೇ ತುಳಿದವಳು.’

ಗೂಟವಿಲ್ಲ, ಬೇಲಿಯಿಲ್ಲ, ಎಲ್ಲೆ ಕಲ್ಲೂ ಇಲ್ಲ. ಆದರೂ ನೀರಿಳಿದ ಮೇಲೆ ಪ್ರತಿ ಮನೆಯವರೂ ತಮ್ಮ ತಮ್ಮ ಜಾಗಕ್ಕೇ ಹೋಗಿ ನಿಲ್ಲುತ್ತಾರೆ. ಅಳತೆಯೇ ಆಗದ ಈ ನೆಲಕ್ಕೆ ‘ಸರ್ವೆ ನಂಬರ್ ಸೊನ್ನೆ’ ಎನ್ನುವ ರೂಢಿ. 1973ರಲ್ಲಿ ಇದು ಕಾಡುಕತ್ತೆಗಳ ಅಭಯಾರಣ್ಯವಾಯಿತು. ತಲೆಮಾರುಗಳಿಂದ ಇಲ್ಲೇ ದುಡಿದವರು ಅಂದಿನಿಂದ ಅನುಮತಿಗಾಗಿ ಕಾಯುವವರಾದರು. ಕತ್ತೆಗಳಿಗೆ ಇವರಿಂದ ತೊಂದರೆ ಎಂಬ ವಾದವನ್ನು ನಾನು ಒಪ್ಪಲಾರೆ. 2014ರ ಗಣತಿಯಲ್ಲಿ 4,451 ಇದ್ದ ಕಾಡುಕತ್ತೆಗಳು 2024ರಲ್ಲಿ 7,672 ಆಗಿವೆ. ಈ ಹತ್ತು ವರ್ಷವೂ ಅಗರಿಯಾಗಳು ಅಲ್ಲೇ ಉಪ್ಪು ಎಳೆಯುತ್ತಿದ್ದರು.

ನಮ್ಮ ಸಾಣಿಕಟ್ಟಾದಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಉಪ್ಪು ಬಳಿಯುವವರೆಲ್ಲ ಆಗರದ ಒಡೆಯರಲ್ಲ, ಬಹುಪಾಲು ಕೂಲಿಯವರು. ಆದರೆ ಆ ನೆಲಕ್ಕೆ ದಾಖಲೆ ಇದೆ, ಉಪ್ಪು ಮಾರಲು ಸಹಕಾರ ಸಂಘ ಇದೆ, ದುಡಿದವರು ಸಂಜೆ ಮನೆಗೆ ಹೋಗಿ ಸಿಹಿನೀರಿನಲ್ಲಿ ಕೈಕಾಲು ತೊಳೆಯುತ್ತಾರೆ. ಗುಜರಾತಿನವರಿಂದ ನಾವು ಕಲಿಯುವುದೂ ಇದೆ. ಡೀಸೆಲ್ ಪಂಪಿಗೆ ಸುರಿಯುತ್ತಿದ್ದ ಹಣವನ್ನು ಸೌರ ಪಂಪು ಉಳಿಸಿಕೊಟ್ಟಿದೆ. ಹಳೆಯ ಬಸ್ಸುಗಳನ್ನು ಬಯಲಿಗೆ ತಂದು ನಿಲ್ಲಿಸಿ ಮಕ್ಕಳಿಗೆ ಶಾಲೆ ಮಾಡಿದ್ದಾರೆ. ಇವು ಕಣ್ಣಾರೆ ಕಾಣುವ ಒಳ್ಳೆಯ ಕೆಲಸಗಳು. ಆದರೂ ಕಿಲೋ ಉಪ್ಪಿಗೆ ಒಂದು ರೂಪಾಯಿಯೂ ದಕ್ಕದ ಅಗರಿಯಾ, ಅಕಾಲದ ಮಳೆಗೋ ನರ್ಮದಾ ಕಾಲುವೆಯಿಂದ ಹೊರಬಿದ್ದ ನೀರಿಗೋ ಪಾತಿ ಕರಗಿದಾಗ ಪರಿಹಾರ ಕೇಳಲು ಹೋದರೆ, ಮೊದಲ ಪ್ರಶ್ನೆಯೇ ‘ಜಮೀನಿನ ಕಾಗದ ಎಲ್ಲಿ?’

ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲಿ ಮುಳುಗುವ ನೆಲಕ್ಕೆ ಹಕ್ಕು ಕೊಡುವುದು ಹೇಗೆ ಎಂದು ಇಲ್ಲಿನ ಗೆಳೆಯರು ಕೇಳುತ್ತಾರೆ. ನಾನು ಅವರಿಗೆ ಅಘನಾಶಿನಿಯ ಗಜನಿ ಗದ್ದೆಗಳ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಗಳ, ವಿಷಯ ಹೇಳುತ್ತೇನೆ. ಅಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಚಿಕ್ಕ ರಣದಲ್ಲೂ ನೀರಿರುವಾಗ ಸಿಗಡಿ ಹಿಡಿಯುವವರು ಬೇರೆ, ಆರಿದ ಮೇಲೆ ಉಪ್ಪು ಮಾಡುವವರು ಬೇರೆ. ಯಾರಿಗೆ ಯಾವ ಕಾಲ ಎಂಬುದು ಅಲ್ಲಿನ ಜನಕ್ಕೆ ಬಾಯಿಪಾಠ. ನೆಲವನ್ನು ಬರೆದುಕೊಡಿ ಎಂದು ಆ ಹೆಂಗಸು ಕೇಳುತ್ತಿಲ್ಲ. ಅಕ್ಟೋಬರಿನಲ್ಲಿ ಹಾಸಿಗೆ, ಪಾತ್ರೆ, ಪಂಪು ಹೇರಿಕೊಂಡು ಅವಳ ಟ್ರ್ಯಾಕ್ಟರ್ ಬಯಲಿಗೆ ಇಳಿಯುವಾಗ, ಮಳೆ ಬರುವವರೆಗೆ ಈ ಜಾಗ ಇವಳದು ಎಂದು ಬರೆದ, ಮೊಹರು ಬಿದ್ದ ಒಂದು ಹಾಳೆ ಅವಳ ಕೈಯಲ್ಲಿ ಇರಬೇಕು.